ಬುದ್ಧಿ ಅಳೆಯುವ ಪೆಟ್ಟಿಗೆ ಹನೂರಿಗೆ ಹೋದದ್ದು

ಮೈಸೂರಿನಲ್ಲಿ ಬೆಳಗಿನ ಬಸ್ಸು ಹತ್ತಿದಾಗ ನನ್ನ ಬಳಿ ಒಂದು ಟ್ರಂಕು, ಒಂದು ಸ್ಟಾಪ್‌ವಾಚು, ಸಾಕಷ್ಟು ಜಂಬ ಇದ್ದವು. ಅರವತ್ತರ ದಶಕ ಆಗತಾನೆ ಶುರುವಾಗಿತ್ತು. ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಹೇಳುತ್ತ, ಹಳ್ಳಿ ಮಕ್ಕಳ ಬುದ್ಧಿ ಬೆಳವಣಿಗೆಯ ಮೇಲೆ ಪಿಎಚ್.ಡಿ. ಬರೆಯುತ್ತಿದ್ದೆ. ಟ್ರಂಕಿನ ತುಂಬ ಬಣ್ಣದ ಮರದ ತುಂಡುಗಳು, ಚಿತ್ರದ ಕಾರ್ಡುಗಳು.

"ಏನವ್ವ ಇದು, ಇಷ್ಟು ಭಾರ?" ಎಂದ ಕಂಡಕ್ಟರ್.

"ಮಕ್ಕಳ ಬುದ್ಧಿ ಅಳೆಯೋ ಸಾಮಾನು."

"ಅಂಗಾರೆ ಮೊದಲು ನಮ್ ಡ್ರೈವರ್‌ದು ಅಳದ್ಬುಡಿ" ಎಂದು, ಟ್ರಂಕಿಗೂ ಅರ್ಧ ಟಿಕೆಟ್ಟು ಹರಿದ.

ಮೊದಲ ದಿನ ಯಳಂದೂರಿನ ಶಾಲೆ. ಬಿಸಿಲು ಚುರುಗುಟ್ಟುತ್ತಿತ್ತು. ಇಪ್ಪತ್ತು ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ ಪರೀಕ್ಷೆ ಮಾಡಿದೆ. ಮೂವರು ಬಾಯಿಯೇ ಬಿಡಲಿಲ್ಲ. ನನ್ನ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಸೊನ್ನೆ ಹಾಕಿ, ಹೋಟೆಲಿನಲ್ಲಿ ನಾಲ್ಕು ಇಡ್ಲಿ ತಿಂದು, ಕೊಳ್ಳೇಗಾಲಕ್ಕೆ ಹೋಗಿ ಗೆಳತಿಯ ಮನೆಯಲ್ಲಿ ನಿಶ್ಚಿಂತೆಯಾಗಿ ಮಲಗಿದೆ.

ಮರುದಿನ ಹನೂರಿಗೆ ಹದಿನೈದು ಮೈಲಿ ಬಸ್ಸು, ಅಲ್ಲಿಂದ ಒಂದು ಹಳ್ಳಿಗೆ ಎರಡು ಮೈಲಿ ಎತ್ತಿನ ಗಾಡಿ. ಆ ಹಳ್ಳಿಗೆ ಸ್ವಂತ ಶಾಲೆ ಇರಲಿಲ್ಲ. ಯಾರೋ ರೇಷ್ಮೆ ಹುಳು ಸಾಕುವುದನ್ನು ಬಿಟ್ಟಿದ್ದರಿಂದ ಅವರ ಹುಳದ ಮನೆಯೇ ಶಾಲೆಯಾಗಿತ್ತು. ಹೆಡ್‌ಮಾಸ್ತರರು ನನಗಾಗಿಯೇ ಕಾಯುತ್ತಿದ್ದರು.

"ಮೇಡಂ, ಮಾದೇವಿ ಅಂತ ಒಂದು ಹುಡುಗಿ. ಎರಡು ವರ್ಷದಿಂದ ಇಲ್ಲಿ ತುಟಿ ಬಿಚ್ಚಿಲ್ಲ. ಬುದ್ಧಿ ಇಲ್ಲ ಅಂತ ನೀವು ಬರೆದುಕೊಟ್ರೆ ಹೆಸರು ಹೊಡೆದು ಹಾಕ್ತೀನಿ."

ಬಾಗಿಲಲ್ಲಿ ನಿಂತಿದ್ದ ಅವಳ ಅಜ್ಜಿ ನನ್ನನ್ನೇ ನೋಡುತ್ತಿದ್ದಳು. "ಮನೇಲಿ ಇದು ಬಾಯೇ ಮುಚ್ಚದಿಲ್ಲ ಕಣವ್ವ. ನೀ ಬರದ್ಬುಟ್ರೆ ಇದರ ಇಸ್ಕೂಲು ಮುಗೀತು."

ಮನೆಯವರೆಲ್ಲ ಹೀಗೇ ಹೇಳುತ್ತಾರೆ ಎಂದುಕೊಂಡೆ. ಮಾದೇವಿಯನ್ನು ಕೂರಿಸಿ ಹೆಸರು ಕೇಳಿದೆ, ಉತ್ತರವಿಲ್ಲ. ಚಿತ್ರ ತೋರಿಸಿದೆ, ನಗಲೂ ಇಲ್ಲ. ಸ್ಟಾಪ್‌ವಾಚು ಟಿಕ್‌ಟಿಕ್ ಎನ್ನುತ್ತಿತ್ತು. ಕೊನೆಗೆ ಪುಸ್ತಕದಲ್ಲಿ ಶಾಯಿಯಲ್ಲೇ 'ಮಂದಬುದ್ಧಿ' ಎಂದು ಬರೆದೆ. ಸಹಿ ಮಾತ್ರ ಊಟವಾದ ಮೇಲೆ ಮಾಡೋಣ ಎಂದು ಬಿಟ್ಟೆ. ಹಸಿವಾಗಿತ್ತು, ಅಷ್ಟೇ ಕಾರಣ.

ಊಟ ಅಜ್ಜಿಯ ಮನೆಯಲ್ಲೇ. ಮುದ್ದೆ, ಹುರುಳಿ ಸಾರು. ಮಜ್ಜಿಗೆ ತಂದ ಮಾದೇವಿ ತಾನಾಗಿಯೇ ಕೇಳಿದಳು, "ಉಪ್ಪು ಆಕ್ಬೇಕಾ ಅಕ್ಕಾ? ನಿನ್ ಪೆಟ್ಟಿಗೇಲಿರೋ ಕೆಂಪ್ ತುಂಡು ಒಂದ್ ಮೂಲೇಲಿ ಮುಕ್ಕಾಗದ, ನೋಡ್ದಾ?"

ನನ್ನ ಕೈಯಲ್ಲಿದ್ದ ಲೋಟ ಜಾರಿ ಮಜ್ಜಿಗೆ ಸೀರೆಗೆ ಚೆಲ್ಲಿತು. "ಬೆಳಿಗ್ಗೆ ಯಾಕೆ ಮಾತಾಡಲಿಲ್ಲ ಮಗು?"

"ಅದು ಹುಳದ ಮನೆ ಅಲ್ವಾ? ಅಲ್ಲಿ ಮಾತಾಡುದ್ರೆ ಹುಳ ಗೂಡು ಕಟ್ಟದಿಲ್ಲ. ಅಜ್ಜೀನೇ ಏಳಿದ್ದು."

ಅಜ್ಜಿ ಹಣೆ ಚಚ್ಚಿಕೊಂಡಳು. "ಅಯ್ಯೋ ನಿನ್ನ, ಅಲ್ಲೀಗ ಹುಳ ಎಲ್ಲದ?"

"ಹುಳ ಸಾಕೋ ತಟ್ಟೆ ಇನ್ನೂ ಅಟ್ಟದ ಮ್ಯಾಲೇ ಅವ. ನೀನೇ ಮಾತಾಡ್ಬ್ಯಾಡ ಅಂದಿದ್ದೆ. ಇನ್ಮೇಲೆ ಮಾತಾಡು ಅಂತ ಯಾವಾಗ್ ಏಳ್ದೆ ನೀನು?"

ಅಜ್ಜಿ ನನ್ನ ಕಡೆ ತಿರುಗಿದಳು. ಎಂ.ಎ. ಮಾಡಿದ್ದ ನಾನು ಸೀರೆಯ ಮೇಲಿನ ಮಜ್ಜಿಗೆ ಒರೆಸಿಕೊಂಡೆ.

ಅಂಗಳದಲ್ಲೇ ಟ್ರಂಕು ಬಿಚ್ಚಿದೆ. ಒಂದೇ ಕೊಂಬಿದ್ದ ಎತ್ತಿನ ಚಿತ್ರ ತೋರಿಸಿ, ಏನು ಇಲ್ಲ ಹೇಳು ಎಂದೆ. "ಮೂಗುದಾರ" ಎಂದಳು.

"ಕೊಂಬು?"

"ಕೊಂಬು ಮುರಿದಿರೋ ಎತ್ತು ನಮ್ಮನೇಲೇ ಅದ, ಚೆಂದಾಗಿ ಉಳ್ತದ. ಮೂಗುದಾರ ಇಲ್ದೆ ಎಂಗಕ್ಕಾ ಇಡ್ಕತೀಯ?"

ಪರೀಕ್ಷೆಯ ಕೈಪಿಡಿಯ ಪ್ರಕಾರ ಸೊನ್ನೆ. ನಾನು ಪೂರ್ತಿ ಅಂಕ ಕೊಟ್ಟೆ. 'ಮಂದಬುದ್ಧಿ'ಯನ್ನು ಕಾಗದ ಹರಿಯುವಷ್ಟು ಗೀಚಿದೆ. ಮಧ್ಯಾಹ್ನ ಅಜ್ಜಿ ಶಾಲೆಯ ಒಳಗೆ ಬಂದು, ಅಟ್ಟದಿಂದ ತಟ್ಟೆಗಳನ್ನು ಇಳಿಸಿ, ಎಲ್ಲರ ಮುಂದೆ ಮೊಮ್ಮಗಳಿಗೆ ಹೇಳಿದಳು, "ಇನ್ಮೇಲೆ ಮಾತಾಡು." ಸಂಜೆ ಗಾಡಿ ಹತ್ತಿಸಲು ಬಂದ ಹೆಡ್‌ಮಾಸ್ತರರ ಮುಖ ಸೋತಿತ್ತು.

"ಮೇಡಂ, ಆಗಿನಿಂದ ಬಾಯೇ ಮುಚ್ಚಿಲ್ಲ ಅವಳು. ಸುಮ್ಮನಿರಿಸೋಕೆ ಏನಾದ್ರೂ ಪರೀಕ್ಷೆ ಉಂಟಾ?"

ಮರುದಿನ ಕೊಳ್ಳೇಗಾಲದಲ್ಲಿ ಅದೇ ಮೈಸೂರು ಬಸ್ಸು, ಅದೇ ಕಂಡಕ್ಟರ್. "ಮೈಸೂರಿಗಾ ಅವ್ವ?"

ನಾನು ಪುಸ್ತಕ ತೆರೆದು ಮೊದಲ ಪುಟದ ಮೂರು ಸೊನ್ನೆಗಳನ್ನು ನೋಡುತ್ತಿದ್ದೆ. "ಯಳಂದೂರಿಗೆ" ಎಂದೆ.

"ಯಾಕವ್ವ, ಅಲ್ಲೇನಾರ ಬಿಟ್ಬುಟ್ ಬಂದ್ರಾ?"

"ಮೂರು ಮಕ್ಕಳನ್ನ."

ಅವನು ನನ್ನ ಮುಖ ನೋಡಿದ, ಟ್ರಂಕು ನೋಡಿದ. ಈ ಸಲ ಟ್ರಂಕಿಗೆ ಟಿಕೆಟ್ಟು ಹರಿಯಲಿಲ್ಲ.