ಕಲ್ಲಿಗೆ ನೀರು ಹಚ್ಚಿದ ಕೈ

ಕಾರಹುಣ್ಣಿಮೆಯ ಮರುದಿನ, ಮಂಗಳವಾರ, ಮಧ್ಯಾಹ್ನದ ಊಟದ ನಂತರ. ಇದನ್ನು ನಾನು ನೆನಪಿನಿಂದ ಬರೆಯುತ್ತಿಲ್ಲ. ಆ ವರ್ಷದ ಪಂಚಾಂಗವನ್ನು ಎದುರಿಗಿಟ್ಟುಕೊಂಡು, ಹುಣ್ಣಿಮೆ ಸೋಮವಾರವೇ ಬಂದಿತ್ತೆಂದು ಖಚಿತಪಡಿಸಿಕೊಂಡು ಬರೆಯುತ್ತಿದ್ದೇನೆ. ನನ್ನ ನೆನಪು ಬಹುಕಾಲ ಅದನ್ನು ಶುಕ್ರವಾರವೆಂದೇ ಹಿಡಿದುಕೊಂಡಿತ್ತು. ವಾರವನ್ನೇ ತಪ್ಪಾಗಿ ಹಿಡಿದಿಟ್ಟ ನೆನಪು ಉಳಿದುದನ್ನು ಎಷ್ಟು ಸರಿಯಾಗಿ ಹಿಡಿದಿಟ್ಟೀತು ಎಂದು ಓದುಗರು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ.

ಇಂಥ ಸಂಗತಿಗಳನ್ನು ನಾನು ನಂಬಿದವಳಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಲಕ್ಷ್ಮೇಶ್ವರದ ನಮ್ಮ ಓಣಿಯಲ್ಲಿ ಯಾರಿಗಾದರೂ ತೀರಿಹೋದವರ ದನಿ ಕೇಳಿಸಿತೆಂದರೆ, ಯಾವ ದಿಕ್ಕಿನಿಂದ ಕೇಳಿಸಿತು, ಬಾಗಿಲು ತೆರೆದಿತ್ತೇ, ಜೊತೆಗೆ ಯಾರಿದ್ದರು ಎಂದು ಒಂದೊಂದಾಗಿ ಕೇಳಿ ಅವರ ಉತ್ಸಾಹವನ್ನು ತಣ್ಣಗಾಗಿಸುತ್ತಿದ್ದೆ. “ಇಕಿ ಮುಂದ ಬರಬೇಕಂದ್ರ ದೆವ್ವಾನೂ ಸಾಕ್ಷಿ ಕರಕೊಂಡು ಬರಬೇಕು” ಎಂದು ನನ್ನ ಅಕ್ಕ ನಗುತ್ತಿದ್ದಳು.

ಪೂರ್ಣಾವಧಿಯ ಸಂಶೋಧನೆಗೆ ತೊಡಗುವ ಮುನ್ನ ನಾನು ವಿಶ್ವವಿದ್ಯಾಲಯಕ್ಕೆ ಸೇರಿದ ಕಲಾಶಾಲೆಯೊಂದರ ಮುದ್ರಣಕಲಾ ವಿಭಾಗದಲ್ಲಿ ತಾಂತ್ರಿಕ ಪ್ರಾತ್ಯಕ್ಷಿಕೆಯ ಹುದ್ದೆಯಲ್ಲಿದ್ದೆ. ಶಾಲೆ ಗದಗಿಗೆ ಅಂಟಿಕೊಂಡೇ ಇರುವ ಬೆಟಗೇರಿಯಲ್ಲಿ, ಕೈಮಗ್ಗದ ಸದ್ದು ಕಿಟಕಿಯೊಳಗೆ ಬರುವಷ್ಟು ಹತ್ತಿರದಲ್ಲಿತ್ತು. ಚಿತ್ರ ಬರೆಯುವುದು ವಿದ್ಯಾರ್ಥಿಗಳ ಕೆಲಸ. ಅದರ ಗುಣದೋಷಗಳನ್ನು ಹೇಳುವುದು ಅಧ್ಯಾಪಕರ ಕೆಲಸ. ಯಂತ್ರವೂ ಮಸಿಯೂ ಕಲ್ಲೂ ಹೇಗೆ ಮಾತು ಕೇಳುತ್ತವೆಂದು ಮಾಡಿ ತೋರಿಸುವುದು ನನ್ನ ಕೆಲಸ. ಆ ಹುದ್ದೆಯ ಬಗ್ಗೆ ನನಗಿದ್ದ ಹೆಮ್ಮೆ ಮುಂದೆ ಬಂದ ಯಾವ ಪದವಿಯ ಬಗ್ಗೆಯೂ ಇರಲಿಲ್ಲ.

ಅಲ್ಲಿ ನಾನು ಕಲಿಸುತ್ತಿದ್ದುದು ಕಲ್ಲಚ್ಚು. ನುಣ್ಣಗೆ ತೀಡಿದ ಸುಣ್ಣಗಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಚಿತ್ರ ಬರೆಯುತ್ತಾರೆ. ಕಲ್ಲನ್ನು ಒದ್ದೆ ಮಾಡಿ ಮಸಿಯ ರೋಲರ್ ಉರುಳಿಸಿದರೆ ಬರೆದ ಗೆರೆ ಮಸಿಯನ್ನು ಹಿಡಿಯುತ್ತದೆ, ಒದ್ದೆಯಾದ ಬರಿಗಲ್ಲು ಹಿಡಿಯುವುದಿಲ್ಲ. ಒಣಗಿತೋ, ಕಲ್ಲೆಲ್ಲ ಕಪ್ಪಾಗಿ ಚಿತ್ರ ಮುಳುಗಿಹೋಗುತ್ತದೆ. ಆದ್ದರಿಂದ ಇದು ಇಬ್ಬರ ಕೆಲಸ. ಒಬ್ಬರು ಬಲಗಡೆ ನಿಂತು ಎರಡೂ ಕೈಯಿಂದ ರೋಲರ್ ಉರುಳಿಸಬೇಕು. ಇನ್ನೊಬ್ಬರು ಎಡಗಡೆ ನಿಂತು ಸ್ಪಂಜಿನಿಂದ ನೀರು ಹಚ್ಚುತ್ತಿರಬೇಕು.

ಇದು ನಮ್ಮ ಮನೆತನದ ಕಸುಬು. ಲಕ್ಷ್ಮೇಶ್ವರದಲ್ಲಿ ನಮ್ಮ ತಾತನದು ಚಿಕ್ಕ ಕಲ್ಲಚ್ಚಿನ ಪ್ರೆಸ್ಸು. ಅಚ್ಚು ನೇರವಾಗಿ ಬರಬೇಕಾದರೆ ಕಲ್ಲಿನ ಮೇಲೆ ಅಕ್ಷರಗಳನ್ನು ಉಲ್ಟಾ ಬರೆಯಬೇಕಷ್ಟೆ. “ಕಲ್ಲಿನ ಮ್ಯಾಲ ಉರ್ದು ಕನ್ನಡದಂಗ ನಡೀತೈತಿ, ಕನ್ನಡ ಉರ್ದುವಿನಂಗ ನಡೀತೈತಿ. ಜಗಳಾನ ಇಲ್ಲ” ಎಂದು ತಾತ ಹೇಳುತ್ತಿದ್ದರು. ಅವರು ರೋಲರ್ ಹಿಡಿದರೆ, ಎಡಗಡೆ ನಿಂತು ನೀರು ಹಚ್ಚುತ್ತಿದ್ದವಳು ನಮ್ಮ ದಾದಿ, ಎಂದರೆ ಅಜ್ಜಿ, ಹಸೀನಾಬಿ. ಮನೆಯಲ್ಲಿ ಉರ್ದು ಆಡುವ ದಾದಿ ಪ್ರೆಸ್ಸಿನೊಳಗೆ ಕಾಲಿಟ್ಟರೆ ಕನ್ನಡವನ್ನೇ ಆಡುತ್ತಿದ್ದಳು. ಕಲ್ಲಿನ ಹೊಳಪು ಕುಂದುತ್ತಿದ್ದಂತೆ ತಾತನಿಗೆ ಒಂದೇ ಮಾತು ಹೇಳುತ್ತಿದ್ದಳು: “ನೀರಡಿಕಿ ಆತು, ಸರೀರಿ.” ನೀರಡಿಕೆ ಅವಳದಲ್ಲ, ಕಲ್ಲಿನದು. ತಾತ ರೋಲರ್ ಎತ್ತಿ ಹಿಂದೆ ಸರಿಯುತ್ತಿದ್ದರು. ಆ ಮಾತನ್ನು ನಾನು ನಮ್ಮ ಪ್ರೆಸ್ಸಿನ ಹೊರಗೆ ಎಲ್ಲಿಯೂ ಕೇಳಿರಲಿಲ್ಲ. ಕಲಾಶಾಲೆಯಲ್ಲಿ ಯಾರಿಗೂ ಹೇಳಿಯೂ ಇರಲಿಲ್ಲ.

ಕಲಾಶಾಲೆಯಲ್ಲಿ ನೀರು ಹಚ್ಚಲು ಸಹಾಯಕರ ಹುದ್ದೆ ಎಂದೂ ಮಂಜೂರಾಗಲಿಲ್ಲ. ನಾನೊಬ್ಬಳೇ ರೋಲರ್ ಕೆಳಗಿಟ್ಟು ಸ್ಪಂಜು ಎತ್ತಿಕೊಂಡು ಎರಡೂ ಕೆಲಸ ಮಾಡುತ್ತಿದ್ದೆ. ಆದರೂ ಚಿಕ್ಕಂದಿನ ರೂಢಿಯಿಂದ ಬಲಗಡೆಯೇ ನಿಲ್ಲುತ್ತಿದ್ದೆ. ಎಡಗಡೆಯ ಜಾಗ ತಾನಾಗಿ ಖಾಲಿ ಉಳಿಯುತ್ತಿತ್ತು. ನೀರಿನ ಬಟ್ಟಲನ್ನೂ ಅಲ್ಲೇ ಇಡುತ್ತಿದ್ದೆ. ಇದೇನೋ ಶಾಸ್ತ್ರವಿರಬೇಕೆಂದು ತಿಳಿದ ವಿದ್ಯಾರ್ಥಿಗಳು ಅಲ್ಲಿ ನಿಲ್ಲುತ್ತಲೇ ಇರಲಿಲ್ಲ. ನಮ್ಮ ಪ್ರಾಚಾರ್ಯರು ಗದಗಿನವರು, ಹಾಸ್ಯಪ್ರಿಯರು. “ಅಲ್ಲಿ ಯಾರಿಗೆ ಜಾಗಾ ಹಿಡದೀರಿ ಮೇಡಂ? ಬಸ್ಸಿನ್ಯಾಗ ಟಾವೆಲ್ ಹಾಕಿದಂಗ ಆತಲ್ಲ!” ಎನ್ನುತ್ತಿದ್ದರು.

ಆ ದಿನ ನಾನು ಬಳಸಿದ ಕಲ್ಲು ಶಿರಹಟ್ಟಿಯದು. ಒಂದು ಮನೆಯ ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಾಗಿತ್ತು. ಬದಲಿಗೆ ಹೊಸ ಕಲ್ಲು ಕೊಡಿಸುತ್ತೇನೆಂದರೂ ಆ ಮನೆಯಾಕೆ ಒಪ್ಪಲು ಬಹಳ ಹೊತ್ತು ಹಿಡಿಯಿತು. “ಇದರ ಮ್ಯಾಲ ಒಗದ ಅರಬಿ ಭಾಳ ಬೆಳ್ಳಗ ಆಗತಾವ್ರಿ. ನಿಮ್ಮ ಸಾಲ್ಯಾಗ ಏನ್ ಅರಬಿ ಒಗೀತೀರೇನು?” ಎಂದು ಕೇಳಿದ್ದಳು. ತಾತನ ನಂತರ ನಮ್ಮ ಪ್ರೆಸ್ಸಿನ ಕಲ್ಲುಗಳು ಅಲ್ಲಲ್ಲಿಗೆ ಮಾರಾಟವಾಗಿದ್ದವು ನಿಜ. ಆದರೆ ಈ ಕಲ್ಲು ನಮ್ಮದೇ ಎನ್ನಲು ಪುರಾವೆಯಿಲ್ಲ. ಹಾಗೆಂದು ನಾನು ಎಲ್ಲಿಯೂ ಬರೆದಿಲ್ಲ, ಇಲ್ಲಿಯೂ ಬರೆಯುವುದಿಲ್ಲ.

ಮಂಗಳವಾರ ಬಂದದ್ದು ವಿಶ್ವವಿದ್ಯಾಲಯದ ಪರಿಶೀಲನಾ ಸಮಿತಿ. ಕಲ್ಲಚ್ಚು ಇನ್ನು ಬೇಕೇ ಎಂಬುದು ಅವರ ಮುಂದಿದ್ದ ಪ್ರಶ್ನೆ. ಬೇಡವೆಂದರೆ ಪ್ರೆಸ್ಸು ಗುಜರಿಗೆ ಹೋಗುತ್ತಿತ್ತು, ಕೋಣೆಗೆ ಕಂಪ್ಯೂಟರ್ ಬರುತ್ತಿದ್ದವು. ಈ ಪದ್ಧತಿಯಲ್ಲಿ ಒಳ್ಳೆಯ ಅಚ್ಚು ಇಂದಿಗೂ ಬರುತ್ತದೆಯೇ ಎಂಬುದನ್ನು ವಿದ್ಯಾರ್ಥಿಗಳ ನೆರವಿಲ್ಲದೆ ನಾನೇ ತೋರಿಸಬೇಕಿತ್ತು. ಕಲ್ಲಿನ ಮೇಲಿದ್ದುದು ಮುಂಡರಗಿಯಿಂದ ಬರುತ್ತಿದ್ದ ಸಹನಾ ಎಂಬ ವಿದ್ಯಾರ್ಥಿನಿ ಬರೆದ ಚಿತ್ರ: ಮಗ್ಗದ ಮುಂದೆ ಕುಳಿತ ಹೆಂಗಸು. ಗದಗು ಎಂದರೆ ಅಚ್ಚಿನ ಮನೆಗಳ ಊರು. ಇಲ್ಲಿಯ ಕಲಾಶಾಲೆಯಲ್ಲೇ ಕಲ್ಲು ಮೂಲೆ ಸೇರಿದರೆ ಮತ್ತೆಲ್ಲಿ ಉಳಿದೀತು ಎಂಬ ಯೋಚನೆ ನನ್ನನ್ನು ಬಿಟ್ಟಿರಲಿಲ್ಲ.

ಬಾಗಿಲಿನವರೆಗೂ ಜನ ತುಂಬಿದ್ದರು. ಪ್ರಾಚಾರ್ಯರು ಪ್ರೆಸ್ಸಿನ ಆಚೆ ಕೊನೆಯಲ್ಲಿ ನಿಂತಿದ್ದರು. ಟರ್ಪೆಂಟೈನ್ ವಾಸನೆ ತಾಳದೆ ಸಮಿತಿಯವರೊಬ್ಬರು ಕಿಟಕಿ ತೆರೆಸಿದರು. ಕಾರಹುಣ್ಣಿಮೆಯ ಹೊತ್ತಿಗೆ ನಮ್ಮ ಕಡೆ ಬೀಸುವ ಗಾಳಿಯ ರಭಸವನ್ನು ಬಲ್ಲವರು ಬಲ್ಲರು. ನಾನು ಕಲ್ಲನ್ನು ಒದ್ದೆ ಮಾಡಿ ರೋಲರ್ ಹಿಡಿದೆ. ಆಗ ಸಮಿತಿಯ ಹಿರಿಯರು, “ಇಂಥ ಒಂದು ಕಲ್ಲು ಎಷ್ಟು ವರ್ಷ ಬಾಳಿಕಿ ಬರತೈತ್ರಿ?” ಎಂದು ಕೇಳಿದರು. ನಿಜವಾದ ಆಸಕ್ತಿಯಿಂದ ಕೇಳಿದ ಒಳ್ಳೆಯ ಪ್ರಶ್ನೆ ಅದು. ನನಗೆ ಉತ್ಸಾಹ ಬಂತು. ರೋಲರ್ ಉರುಳಿಸುತ್ತಲೇ, ಮುಖ ಅವರ ಕಡೆಗಿಟ್ಟು, ತಾತನ ಕಾಲದ ಅಚ್ಚುಗಾರರ ಬಗ್ಗೆ ಹೇಳುತ್ತ ಹೋದೆ. ಕಲ್ಲನ್ನು ನೋಡಲಿಲ್ಲ.

ಆಗ ನನ್ನ ಎಡಗಡೆಯಿಂದ, ಕೈಗೆಟಕುವಷ್ಟು ಹತ್ತಿರದಿಂದ, ದನಿ ಕೇಳಿಸಿತು.

“ನೀರಡಿಕಿ ಆತು, ಸರೀರಿ.”

ಬೆದರಿಸುವ ದನಿಯಲ್ಲ. ಕೆಲಸದ ನಡುವೆ ಕೆಲಸದವರು ಆಡುವ, ಯಾವ ವಿಶೇಷವೂ ಇಲ್ಲದ ಮಾತು. ನಾನು ತಿರುಗಿ ಕೂಡ ನೋಡಲಿಲ್ಲ. ಕಲ್ಲಿನ ಕಡೆ ನೋಡಿದೆ. ಅದರ ಅಂಚು ಮಂಕಾಗತೊಡಗಿತ್ತು. ಇನ್ನೊಂದು ಸಲ ರೋಲರ್ ಉರುಳಿದ್ದರೆ ಎಲ್ಲವೂ ಮುಗಿಯುತ್ತಿತ್ತು. ರೋಲರನ್ನು ಕೆಳಗಿಟ್ಟು, ಎಡಕ್ಕೆ ಬಾಗಿ, ಸ್ಪಂಜು ಎತ್ತಿ, ಕಲ್ಲನ್ನು ಒಂದೇ ಸವರಿನಲ್ಲಿ ಒದ್ದೆ ಮಾಡಿದೆ. ನೀರು ತಣ್ಣಗಿತ್ತು. ಬೆರಳುಗಳಿಗೆ ತಾಗಿದ ಆ ತಂಪು ನನಗೆ ಇಂದಿಗೂ ನೆನಪಿದೆ.

ಕಾಗದ ಹಾಸಿ, ಪ್ರೆಸ್ಸು ಒತ್ತಿ, ಅಚ್ಚು ಎತ್ತಿದೆ. ಹೆಂಗಸಿನ ಬೆರಳ ಸಂದಿಯ ನೂಲಿನ ಎಳೆಗಳೂ ಬೇರೆಬೇರೆಯಾಗಿ ಮೂಡಿದ್ದವು. ನನ್ನ ಕೈಯಿಂದ ಅದಕ್ಕಿಂತ ಸ್ವಚ್ಛವಾದ ಅಚ್ಚು ಮುಂದೆಂದೂ ಬರಲಿಲ್ಲ. ಸಮಿತಿಯ ಹಿರಿಯರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, “ಇದನ್ನ ಮುಚ್ಚಂತ ಹ್ಯಾಂಗ ಬರಿಯೂದು?” ಎಂದು ತಮ್ಮವರನ್ನೇ ಕೇಳಿದರು. ವಿಭಾಗ ಉಳಿಯಿತು.

ಅಷ್ಟರಲ್ಲಿ ಪ್ರಾಚಾರ್ಯರು ಗುಂಪನ್ನು ಸರಿಸಿಕೊಂಡು ಬಂದರು. ಅವರ ಕೈಯಲ್ಲಿ ಒಂದು ಗ್ಲಾಸು ನೀರಿತ್ತು.

“ತಗೋರಿ ಮೇಡಂ, ಕುಡೀರಿ.”

“ಯಾಕ್ ಸರ್?”

“ನೀರಡಿಕಿ ಆತು, ಸರೀರಿ ಅಂದ್ರಲ್ಲ! ಸಮಿತಿ ಮುಂದ ಪ್ರಾಚಾರ್ಯರಿಗೇ ‘ಸರೀರಿ’ ಅಂತೀರಿ. ನಾನೂ ಸುಮ್ಮನ ಸರದು, ನೀರ ತರಾಕ ಹೋದೆ.”

“ನಾ ಯಾವಾಗ ಅಂದೆ ಸರ್?”

“ಈಗರಿ. ಸಣ್ಣ ದನೀಲೆ ಅಂದ್ರಿ. ಖರೇನ ನೆನಪಿಲ್ಲೇನು?”

ಸುತ್ತಲಿನವರು ನಕ್ಕರು. ನಾನೂ ನಕ್ಕು ನೀರು ಕುಡಿದೆ.

ಇದಕ್ಕೆ ನಾನೇ ಒಂದು ವಿವರಣೆ ಕಂಡುಕೊಂಡೆ. ಬಹಳ ವರ್ಷ ಅದರಲ್ಲಿ ನೆಮ್ಮದಿಯಾಗಿಯೂ ಇದ್ದೆ. ಕಲ್ಲು ಮಂಕಾಗುವುದು ಕಣ್ಣಂಚಿಗೆ ಬಿದ್ದಿರಬೇಕು. ಎಳೆತನದಲ್ಲಿ ಕಿವಿಗೆ ಬಿದ್ದ ಮಾತು ನನಗರಿವಿಲ್ಲದೆ ನನ್ನ ಬಾಯಿಂದಲೇ ಬಂದಿರಬೇಕು. ಪ್ರಾಚಾರ್ಯರು ಕೇಳಿಸಿಕೊಂಡದ್ದು ಅದನ್ನೇ. ನೀರು ಹಚ್ಚಿದವಳಂತೂ ನಾನೇ. ಈ ವಿವರಣೆಯಲ್ಲಿ ದೋಷವಿರಲಿಲ್ಲ.

ಮುಂದೆ ನಮ್ಮ ಭಾಗದ ಕಲ್ಲಚ್ಚುಗಳ ಸಂಶೋಧನೆಗೆ ಇಳಿದಾಗ ನನ್ನನ್ನು ಕಾಡಿದ್ದು ಬೇರೆಯದೇ ಸಂಗತಿ. ಪ್ರತಿ ಅಚ್ಚಿನ ಕೆಳಗೂ ರೋಲರ್ ಹಿಡಿದವರ ಹೆಸರಿದೆ. ನೀರು ಹಚ್ಚಿದವರ ಹೆಸರು ಒಂದರಲ್ಲಿಯೂ ಇಲ್ಲ. ದಾದಿ ಆ ಪ್ರೆಸ್ಸಿನಲ್ಲಿ ಜೀವನವಿಡೀ ನಿಂತಿದ್ದಳೆಂಬುದಕ್ಕೆ ನನ್ನ ಮಾತಿನ ಹೊರತು ಆಧಾರವಿಲ್ಲ. ಆಧಾರವಿಲ್ಲದ್ದನ್ನು ಬರೆಯಬಾರದೆಂಬ ನಿಯಮವನ್ನು ನಾನು ಒಮ್ಮೆ ಮಾತ್ರ ಮುರಿದಿದ್ದೇನೆ: ತಾತನ ಅಚ್ಚುಗಳ ಪರಿಚಯದಲ್ಲಿ ‘ನೀರು: ಹಸೀನಾಬಿ’ ಎಂದು ಸೇರಿಸಿದೆ. ನಾನು ಬರೆದುದರಲ್ಲಿ ನನಗೆ ಅತ್ಯಂತ ಹೆಮ್ಮೆಯ ಸಾಲು ಅದೇ.

ಈಗ ನನ್ನ ಹಳೆಯ ಹುದ್ದೆಯಲ್ಲಿ ಸಹನಾ ಇದ್ದಾಳೆ. ಈಚೆಗೆ ಅವಳು ತನ್ನ ಹಳೆಯ ಫೋನಿನಲ್ಲಿ ಸಿಕ್ಕ ವಿಡಿಯೋ ಒಂದನ್ನು ಕಳಿಸಿದಳು. “ಮೇಡಂ, ಅವತ್ತ ಬಾಗಲ್ದಾಗ ನಿಂತು ತಗದಿದ್ದೆ. ನೋಡ್ರಿ, ಎಷ್ಟು ಛಂದ ಬಂದೀರಿ!” ಎಂದಳು. ಅದು ಅದೇ ದಿನದ್ದೇ ಎಂಬುದನ್ನು ಪರೀಕ್ಷಿಸಿದೆ. ನನ್ನ ಹಿಂದಿನ ಗೋಡೆಯ ಕ್ಯಾಲೆಂಡರಿನಲ್ಲಿ ಆ ಮಂಗಳವಾರದ ತಾರೀಖಿನ ಹಾಳೆ ಕಾಣುತ್ತದೆ. ಗಾಳಿಯ ಸದ್ದಿನಲ್ಲಿ ಯಾರ ಮಾತೂ ತಿಳಿಯುವುದಿಲ್ಲ, ನನ್ನದೂ ಇಲ್ಲ. ಆದರೆ ಚಿತ್ರ ಸ್ಪಷ್ಟವಾಗಿದೆ, ನಡುವೆ ಎಲ್ಲಿಯೂ ತುಂಡಾಗಿಲ್ಲ.

ನಾನು ಹಿರಿಯರ ಕಡೆ ಮುಖ ಮಾಡಿ ಮಾತನಾಡುತ್ತಿದ್ದೇನೆ. ಕಲ್ಲಿನ ಅಂಚು ಮಂಕಾಗುತ್ತದೆ. ಪ್ರೆಸ್ಸಿನ ಆ ಕೊನೆಯಲ್ಲಿದ್ದ ಪ್ರಾಚಾರ್ಯರು ಯಾರಿಗೋ ದಾರಿ ಬಿಡುವವರಂತೆ ಹಿಂದೆ ಸರಿಯುತ್ತಾರೆ. ನಾನು ರೋಲರನ್ನು ತುಸು ಮೇಲೆತ್ತುತ್ತೇನೆ, ಕೆಳಗಿಡುವುದಿಲ್ಲ. ಎಡಕ್ಕೆ ಬಾಗುವುದಿಲ್ಲ, ಸ್ಪಂಜು ಮುಟ್ಟುವುದಿಲ್ಲ. ಕಲ್ಲು ಎಡ ಅಂಚಿನಿಂದ ಬಲಕ್ಕೆ, ಒಂದೇ ಸವರಿನಲ್ಲಿ, ಒದ್ದೆಯಾಗಿ ಹೊಳೆಯುತ್ತದೆ. ಅಷ್ಟು ಹೊತ್ತೂ ನನ್ನ ಎರಡೂ ಕೈಗಳು ರೋಲರಿನ ಹಿಡಿಗಳ ಮೇಲೆಯೇ ಇವೆ. ಎಡಗಡೆಯ ಜಾಗದಲ್ಲಿ, ಎಲ್ಲ ದಾಖಲೆಗಳಲ್ಲಿಯೂ ಇರುವ ಹಾಗೆಯೇ, ಯಾರೂ ಇಲ್ಲ.