ದಾರಿ ತೋರಿಸಿದ ಮನೆ

ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಟ್ಟು ನಿವೃತ್ತಳಾದ ಮೇಲೆ ಆರು ವರ್ಷ ನಾನು ಪ್ರತಿ ಭಾನುವಾರ ಬೆಳಿಗ್ಗೆ ಜನರನ್ನು ಮಡಿಕೇರಿಯಲ್ಲಿ ನಡೆಸಿಕೊಂಡು ತಿರುಗಿದೆ. ಕಂಪೆನಿ ಸರ್ಕಾರ ಕೊಡಗಿನ ರಾಜನನ್ನು ಪಟ್ಟದಿಂದ ಇಳಿಸಿದ ಮೇಲೆ ಘಟ್ಟದ ಕೆಳಗಿನ ರೈತರು ದಂಗೆ ಎದ್ದರಲ್ಲ, ಆ ಕಾಲದ ಜಾಗಗಳನ್ನು ತೋರಿಸುವ ನಡಿಗೆ ಅದು. ಕೋಟೆ ಬಾಗಿಲಿನಲ್ಲಿ ಶುರು, ಒಳಗೆ ಕಲ್ಲಾನೆಗಳ ಹತ್ತಿರ ಒಂದಿಷ್ಟು ಹೊತ್ತು, ಆಮೇಲೆ ಓಂಕಾರೇಶ್ವರ ದೇವಸ್ಥಾನದ ಕೆರೆ, ಕೊನೆಗೆ ರಾಜರ ಸಮಾಧಿಗಳಿರುವ ಗದ್ದುಗೆ. ಬರುತ್ತಿದ್ದವರು ಹೆಚ್ಚಾಗಿ ಹೋಂಸ್ಟೇಗಳಲ್ಲಿ ಉಳಿದುಕೊಂಡ ಹೊರಗಿನವರು.

ದಂಗೆಯ ಮುಂದಾಳನ್ನು ಇದೇ ಕೋಟೆಯಲ್ಲಿ ಗಲ್ಲಿಗೇರಿಸಿದರು ಎಂದು ಹೇಳಿದಾಗ ಎಲ್ಲರೂ ಹತ್ತಿರ ಸರಿದು ನಿಲ್ಲುತ್ತಿದ್ದರು. ಆಗ ನಾನು ಇನ್ನೊಂದು ಕಥೆ ಸೇರಿಸುತ್ತಿದ್ದೆ. ಸೋತ ಮೇಲೆ ಕೆಲವರು ಕಾಡಿನಲ್ಲಿ ಅಡಗಿದ್ದರು, ಸಂಪಾಜೆ ಕಡೆಯ ಒಂದು ಹಳ್ಳಿಯ ಹೆಂಗಸು ಸಿಪಾಯಿಗಳಿಗೆ ಅವರ ದಾರಿ ತೋರಿಸಿದಳು ಎಂದು. "ಈಗಲೂ ಆ ಊರಿಗೆ ಹೋಗಿ ಕೇಳಿ, ದಾರಿ ತೋರಿಸಿದ ಮನೆ ಯಾವುದು ಅಂತ ತೋರಿಸ್ತಾರೆ" ಎನ್ನುತ್ತಿದ್ದೆ. ಕೇಳುವವರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಆ ಕಥೆ ನನಗೆ ಬಂದದ್ದು ಸ್ಟಾಫ್ ರೂಮಿನಲ್ಲಿ, ಹಿರಿಯ ಸಹೋದ್ಯೋಗಿಯೊಬ್ಬರಿಂದ, ಕಾಫಿ ಕುಡಿಯುವಾಗ.

ಒಂದು ಡಿಸೆಂಬರಿನ ಭಾನುವಾರ ಗುಂಪಿನಲ್ಲಿ ಇಬ್ಬರು ವಯಸ್ಸಾದವರಿದ್ದರು. ಎಪ್ಪತ್ತು ದಾಟಿದ ಅಣ್ಣ, ನಾಲ್ಕೈದು ವರ್ಷ ಚಿಕ್ಕವಳಾದ ತಂಗಿ. ಅಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಮದುವೆಗೆ ಬಂದವರ ಹಾಗೆ ತಯಾರಾಗಿ ಬಂದಿದ್ದರು. ತಮ್ಮತಮ್ಮಲ್ಲಿ ಕೊಡಗಿನ ಅರೆಭಾಷೆ ಮಾತಾಡುತ್ತಿದ್ದರು. ನಮ್ಮ ಕಡೆಯವರೇ ಬಂದಿದ್ದಾರೆಂದು ನನಗೂ ಖುಷಿಯಾಗಿ, ಅವತ್ತು ಕಥೆಯನ್ನು ಇನ್ನಷ್ಟು ಬಣ್ಣ ಕಟ್ಟಿ ಹೇಳಿದೆ.

ಮುಗಿದ ಮೇಲೆ ಅಣ್ಣ ಒಂದು ಹೆಜ್ಜೆ ಮುಂದೆ ಬಂದರು. ಅವರ ದನಿ ಗಟ್ಟಿಯಾಗಿರಲಿಲ್ಲ.

"ಟೀಚರೇ, ಇದು ಯಾವ ಪುಸ್ತಕದಲ್ಲಿ ಉಂಟು?"

"ಜನ ಹೇಳಿಕೊಂಡು ಬಂದದ್ದು" ಎಂದೆ.

"ಯಾವ ಜನ?"

ಅವರು ತಂಗಿಯ ಕಡೆ ಕೈ ತೋರಿಸಿದರು. "ನಮ್ಮದೇ ಆ ಮನೆ. ಇವಳನ್ನು ನೋಡಲಿಕ್ಕೆ ಐದು ಕಡೆಯವರು ಬಂದಿದ್ದರು. ಕಾಫಿ ಕುಡಿದು ಹೋದವರು ಯಾರೂ ತಿರುಗಿ ಬರಲಿಲ್ಲ. ಇವಳು ಒಂಟಿಯಾಗೇ ಉಳಿದಳು."

ತಂಗಿ ಅವರ ತೋಳು ಹಿಡಿದು, ಸಾಕು ಅಣ್ಣ, ಹೋಗೋಣ ಎಂದರು. ಇಬ್ಬರೂ ಕೋಟೆಯ ಇಳಿಜಾರಿನಲ್ಲಿ ನಿಧಾನವಾಗಿ ಇಳಿದು ಹೋದರು. ಗುಂಪಿನಲ್ಲೊಬ್ಬ ಫೋನು ಎತ್ತಿ ಅವರ ಬೆನ್ನಿನ ಫೋಟೋ ತೆಗೆದ. ನಾನು ಬೇಡವೆನ್ನಲಿಲ್ಲ. ಅವರ ಹಿಂದೆ ಓಡಲೂ ಇಲ್ಲ. ದೇವಸ್ಥಾನ, ಗದ್ದುಗೆ ಎಲ್ಲ ತೋರಿಸಿಯೇ ಮನೆಗೆ ಹೋದೆ.

ಮರುದಿನ ಆ ಹಿರಿಯ ಸಹೋದ್ಯೋಗಿಗೆ ಫೋನು ಮಾಡಿದೆ. "ಅಯ್ಯೋ, ಅದನ್ನು ನನಗೆ ಯಾರು ಹೇಳಿದ್ದೋ ಏನೋ ಮಾರಾಯ್ತಿ! ಕಥೆ ಚೆನ್ನಾಗಿತ್ತು, ಹೇಳಿದೆ" ಎಂದು ನಕ್ಕರು. ಆಮೇಲೆ ಮೂರು ತಿಂಗಳು ಲೈಬ್ರರಿಯಲ್ಲಿ ಕೂತೆ. ಮೈಸೂರಿಗೆ ಹೋಗಿ ಹಳೇ ಕಾಗದಗಳನ್ನು ಓದಬಲ್ಲವರನ್ನು ಹಿಡಿದೆ. ಸಿಕ್ಕ ಬರಹಗಳಲ್ಲಿ ಅಂಥ ಹೆಂಗಸು ಎಲ್ಲೂ ಇರಲಿಲ್ಲ, ಅಂಥ ಮನೆಯೂ ಇರಲಿಲ್ಲ.

ಇದನ್ನು ಅವರಿಗೆ ಹೇಳಲೇಬೇಕೆಂದು ಮಾರ್ಚಿನಲ್ಲಿ ಬಸ್ಸು ಹತ್ತಿ ಘಾಟಿ ಇಳಿದೆ. ಆ ಹಳ್ಳಿಯಲ್ಲಿ ಮನೆಯ ಗುರುತು ಕೇಳಲು ನನಗೆ ಗೊತ್ತಿದ್ದದ್ದು ಒಂದೇ ಹೆಸರು. ಅದನ್ನು ಬಾಯಿಂದ ಹೊರಡಿಸಲಾಗದೆ ಅಣ್ಣತಂಗಿ ಇಬ್ಬರೇ ಇರುವ ಮನೆ ಎಂದೆ. ಅಂಗಡಿಯ ಮುದುಕನೇ ಆ ಹೆಸರು ಹೇಳಿ ಕೈ ತೋರಿಸಿದ.

ತಂಗಿ ಅಂಗಳದಲ್ಲಿ ಒಣಮೆಣಸು ಹರಡುತ್ತಿದ್ದರು. ನನ್ನ ಗುರುತು ಹಿಡಿದರು, ಬನ್ನಿ ಎಂದು ಮಣೆ ಹಾಕಿದರು. ಒಳಗೆ ಗೋಡೆಯ ಮೇಲೆ ಅಣ್ಣನ ಫೋಟೋ, ಅದಕ್ಕೊಂದು ಹಾರ.

"ಫೆಬ್ರವರಿಯಲ್ಲಿ ಹೋದ. ಎದೆನೋವು ಅಂದ, ಸುಳ್ಯ ಮುಟ್ಟಿಸುವಷ್ಟರಲ್ಲಿ ಆಗಿಹೋಯ್ತು."

ನಾನು ಹುಡುಕಿದ್ದನ್ನೆಲ್ಲ ಹೇಳಿದೆ. ಕ್ಷಮಿಸಿ ಎಂದೆ. ಅವರು ಸೆರಗಿನ ಅಂಚು ನೀವುತ್ತಾ ಹೇಳಿದರು.

"ನಿಮ್ಮ ನಡಿಗೆಯ ಸುದ್ದಿ ಪೇಪರಿನಲ್ಲಿ ನೋಡಿ ಅವನೇ ಹೊರಡಿಸಿದ್ದು ಟೀಚರೇ. ಓದಿದವರು ಹೇಳ್ತಾರೆ, ಅವರ ಬಾಯಲ್ಲಿ ನಿಜ ಬರ್ತದೆ, ನೀನೊಂದು ಸಲ ಕಿವಿಯಾರೆ ಕೇಳು ಅಂದ. ನನಗೆ ಕೇಳಿಸಲಿಕ್ಕೇ ಕರ್ಕೊಂಡು ಬಂದದ್ದು."

ಊರಿನವರ ಮುಂದೆ ಬಂದು ಹೇಳುತ್ತೇನೆ ಎಂದು ನಾನಾಗಿಯೇ ಮಾತು ಕೊಟ್ಟೆ. ಅವರು ಹೂಂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಅದನ್ನು ನಾನು ಒಪ್ಪಿಗೆ ಎಂದುಕೊಂಡೆ.

ಆಗಸ್ಟಿನಲ್ಲಿ ಅಲ್ಲಿನ ಶಾಲೆಯವರು ಸ್ವಾತಂತ್ರ್ಯ ದಿನಕ್ಕೆ ನನ್ನನ್ನು ಕರೆದರು. ಬಾವುಟ ಹಾರಿದ ಮೇಲೆ ಎದ್ದು ನಿಂತು, ನಾನು ತಪ್ಪು ಮಾಡಿದೆ, ಈ ಊರಿನ ಒಂದು ಮನೆಗೆ ಅಂಟಿಸಿದ ಹೆಸರಿಗೆ ಯಾವ ಆಧಾರವೂ ನನಗೆ ಸಿಗಲಿಲ್ಲ ಎಂದು ವಿವರವಾಗಿ ಹೇಳಿದೆ. ಚಪ್ಪಾಳೆ ಬಿತ್ತು. ಕೊನೆಯ ಸಾಲಿನಲ್ಲಿ ಕೂತಿದ್ದ ತಂಗಿಯ ಕಡೆ ಮಕ್ಕಳೆಲ್ಲ ಒಟ್ಟಿಗೆ ತಿರುಗಿ ನೋಡಿದರು.

ಬಸ್ ಸ್ಟಾಪಿನವರೆಗೆ ಅವರೇ ಕೊಡೆ ಹಿಡಿದು ನನ್ನ ಜೊತೆ ಬಂದರು. ಬಸ್ಸು ಕಾಣಿಸಿದಾಗ ಹೇಳಿದರು, "ನೀವು ಒಳ್ಳೇದಕ್ಕೇ ಮಾಡಿದ್ದು, ನನಗೆ ಗೊತ್ತು. ಆದರೆ ಆ ಮಕ್ಕಳಿಗೆ ಇದು ಗೊತ್ತಿರಲಿಲ್ಲ ಟೀಚರೇ. ಈ ಮಾತು ನಮ್ಮ ಕಾಲಕ್ಕೆ ಮುಗೀತಾ ಬಂದಿತ್ತು."

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಹಿಂತಿರುಗಿ ನೋಡುವ ಧೈರ್ಯವಾಗಲಿಲ್ಲ. ಮುಂದಿನ ಭಾನುವಾರದಿಂದ ನಾನು ನಡಿಗೆ ನಿಲ್ಲಿಸಿದೆ. ಈಗ ಅದನ್ನು ನನ್ನ ಹಳೇ ವಿದ್ಯಾರ್ಥಿನಿಯೊಬ್ಬಳು ನಡೆಸುತ್ತಾಳೆ. ಆ ಕಥೆ ಹೇಳಬೇಡ ಎಂದಿದ್ದೇನೆ, ಅವಳು ಹೇಳುವುದಿಲ್ಲ. ಆದರೆ ಹಿಂದೆ ಯಾರೋ ಮಾಡಿದ ನನ್ನ ವಿಡಿಯೋ ಫೋನಿನಿಂದ ಫೋನಿಗೆ ಹೋಗುತ್ತಲೇ ಇದೆಯಂತೆ. ಬಂದವರಲ್ಲಿ ಒಬ್ಬಿಬ್ಬರಾದರೂ ಅವಳನ್ನು ಕೇಳುತ್ತಾರಂತೆ: ದಾರಿ ತೋರಿಸಿದವಳ ಕಥೆ ಯಾಕೆ ಬಿಟ್ಟಿರಿ?