ದಶಮಿಯವರೆಗೆ ಬಿಚ್ಚಬಾರದ ಪುಸ್ತಕ

ಅರವತ್ತು, ಎಪ್ಪತ್ತರ ದಶಕಗಳಲ್ಲಿ ನಾನು ಮದ್ದೂರಿನ ಒಂದು ಅಕ್ಕಿ ಮಿಲ್ಲಿನಲ್ಲಿ ರೈಟರ್ ಆಗಿದ್ದೆ. ಆಗ ನನಗಿದ್ದದ್ದು ಒಂದೇ ಭಯ, ಪುಸ್ತಕ ಹಾಳಾಗುವುದು. ಹಾವಿಗಾಗಲಿ ಕಳ್ಳರಿಗಾಗಲಿ ಮಾಲೀಕರ ಬೈಗುಳಕ್ಕಾಗಲಿ ಅಷ್ಟು ಹೆದರಿದವನಲ್ಲ. ಅದಕ್ಕೆ ಕಾರಣವೂ ಇತ್ತು. ಅದಕ್ಕೆ ಮೊದಲು ಮಳವಳ್ಳಿಯ ಮಿಲ್ಲಿನಲ್ಲಿದ್ದಾಗ ಒಂದು ಬೆಳಿಗ್ಗೆ ಬೀರು ತೆಗೆದು ಹಳೆಯ ರಿಜಿಸ್ಟರಿಗೆ ಕೈ ಹಾಕಿದರೆ ರಟ್ಟು ಮಾತ್ರ ಕೈಗೆ ಬಂತು. ಒಳಗೆಲ್ಲ ಗೆದ್ದಲು ಮಣ್ಣು. ಹಿಂದಿನ ದಿನದವರೆಗೂ ಅದು ಸಾಲಿನಲ್ಲಿ ನೆಟ್ಟಗೆ ನಿಂತಿತ್ತು, ದಿನಾ ನೋಡುತ್ತಲೇ ಇದ್ದೆ.

ಮದ್ದೂರಿಗೆ ಬಂದ ಮೇಲೆ ನನಗೆ ನಾನೇ ಒಂದು ಕಟ್ಟುಪಾಡು ಹಾಕಿಕೊಂಡೆ. ಪ್ರತಿ ವರ್ಷ ಮಂಡ್ಯದಿಂದ ಒಂದೇ ಅಳತೆಯ ಎರಡೆರಡು ರಿಜಿಸ್ಟರು ತರಿಸುವುದು. ಅಸಲು ಮಿಲ್ಲಿನ ಆಫೀಸಿನಲ್ಲಿ, ನಕಲು ನಮ್ಮ ಮನೆಯ ಅಟ್ಟದ ಟ್ರಂಕಿನಲ್ಲಿ. ಪ್ರತಿ ಶನಿವಾರ ಆ ವಾರದ ಗೇಟ್ ಚೀಟಿಗಳನ್ನು ಮನೆಗೆ ಒಯ್ದು, ಒಂದೊಂದನ್ನೂ ನಕಲಿಗೆ ಏರಿಸಿ, ಚೀಟಿಗಳನ್ನು ಒಲೆಗೆ ಹಾಕುವುದು. ಟ್ರಂಕಿನಲ್ಲಿ ಬೇವಿನ ಸೊಪ್ಪು ಬದಲಾಯಿಸುವುದು ನನ್ನ ಹೆಂಡತಿಯ ಪಾಲಿನ ಕೆಲಸ. ಎರಡು ಪುಸ್ತಕ ಒಂದೇ ಸೂರಿನಡಿ ಇರಕೂಡದು, ಅಷ್ಟೇ. ಇದನ್ನು ಕೇಳಿ ಮಾಲೀಕರು, ರೈಟರಿಗೆ ಅಟ್ಟದ ಮೇಲೆ ಎರಡನೇ ಸಂಸಾರ ಇದೆ ಎಂದು ಬಂದವರೆದುರೆಲ್ಲ ಹಾಸ್ಯ ಮಾಡುತ್ತಿದ್ದರು. ನಾನೂ ನಗುತ್ತಿದ್ದೆ.

ಆ ಪುಸ್ತಕದಲ್ಲಿ ಇರುತ್ತಿದ್ದದ್ದು ಇಷ್ಟು: ಭತ್ತ ತಂದವರು ಯಾರು, ಯಾವ ಊರು, ಯಾರ ಗದ್ದೆಯದು, ಉತ್ತವರು ಯಾರು, ಎಷ್ಟು ಮೂಟೆ. ಅನೇಕರು ವಾರಕ್ಕೆ ಉಳುತ್ತಿದ್ದರು, ಅಂದರೆ ಬೆಳೆದದ್ದರಲ್ಲಿ ಅರ್ಧ ಜಮೀನಿನವರಿಗೆ. ಅಕ್ಕಿ ಮಾಡಿಸಿದ ಮೇಲೆ ಇಬ್ಬರ ಪಾಲನ್ನೂ ಮಿಲ್ಲಿನಲ್ಲೇ ಬೇರೆ ಮಾಡಿ ಕಳಿಸುತ್ತಿದ್ದೆವು. ಅದಕ್ಕೇ ಉತ್ತವರ ಹೆಸರು ಬೇಕಾಗುತ್ತಿತ್ತು. ಆ ಹೆಸರಿನ ಕಾಲಮ್ಮು ಮುಂದೊಂದು ದಿನ ಒಬ್ಬರ ಜೀವನವಾದೀತು ಎಂದು ಗೆರೆ ಎಳೆಯುವಾಗ ನನಗೆ ಹೊಳೆದಿರಲಿಲ್ಲ.

ಉಳುವವರಿಗೇ ಭೂಮಿ ಎಂಬ ಕಾನೂನು ಬಂದು, ತಾಲ್ಲೂಕು ಕಚೇರಿಯಲ್ಲಿ ಭೂನ್ಯಾಯ ಮಂಡಳಿ ಕೂರತೊಡಗಿದ ಕಾಲ ಅದು. ವೈದ್ಯನಾಥಪುರದ ಕಡೆಯಿಂದ ಒಬ್ಬಾಕೆ ನಮ್ಮ ಮಿಲ್ಲಿಗೆ ಭತ್ತ ತರುತ್ತಿದ್ದಳು. ಗಂಡ ತೀರಿಹೋದ ಮೇಲೆ ಒಂಬತ್ತು ಸುಗ್ಗಿ ಒಬ್ಬಳೇ ನಿಂತು ವಾರಕ್ಕೆ ಮಾಡಿದ ಒಂದೂವರೆ ಎಕರೆ ಗದ್ದೆ. ಅರ್ಜಿ ಹಾಕಿದಳು. ಜಮೀನಿನವರು, ಅವಳು ನಮ್ಮ ಕೂಲಿಯಾಳು, ಉಳುಮೆ ನಮ್ಮದೇ ಎಂದು ಹೇಳಿಕೆ ಕೊಟ್ಟರು. ಪಹಣಿಯಲ್ಲಿ ಇದ್ದದ್ದೂ ಅವರ ಹೆಸರೇ. ಅವಳ ಕಡೆಗೆ ಕಾಗದ ಅಂತ ಲೋಕದಲ್ಲಿ ಇದ್ದದ್ದು ನನ್ನ ರಿಜಿಸ್ಟರಿನ ಒಂಬತ್ತು ಸಾಲು ಮಾತ್ರ. ಇನ್ನೂ ಸರಿಯಾಗಿ ಹೇಳಬೇಕೆಂದರೆ ಹದಿನೆಂಟು ಸಾಲು.

ಆ ವರ್ಷದ ಆಯುಧಪೂಜೆ ಹತ್ತಿರ ಬಂತು. ನನ್ನ ಕಟ್ಟುಪಾಡಿಗೆ ವರ್ಷಕ್ಕೊಂದು ಸಲ ಬಿಡುವಿತ್ತು, ಅದು ಮಾಲೀಕರ ತಾಯಿಯವರು ಕೊಟ್ಟದ್ದು. ಅಸಲಿಗೆ ಕುಂಕುಮ ಇಟ್ಟು ನಕಲನ್ನು ಅಟ್ಟದ ಮೇಲೆ ಅನಾಥವಾಗಿ ಬಿಡುವುದು ಅವರಿಗೆ ಸಹಿಸಲಾಗುತ್ತಿರಲಿಲ್ಲ. ಹಾಗಾಗಿ ಪ್ರತಿ ನವಮಿಗೆ ಇದ್ದಷ್ಟೂ ನಕಲನ್ನು ಸೈಕಲ್ಲಿಗೆ ಕಟ್ಟಿಕೊಂಡು ಮಿಲ್ಲಿಗೆ ಹೋಗುತ್ತಿದ್ದೆ. ಆ ಬೆಳಿಗ್ಗೆ ಒಂಬತ್ತಕ್ಕೂ ಹಗ್ಗ ಬಿಗಿಯುವಾಗ ಮನಸ್ಸು ಹಿಂದೆ ಎಳೆಯಿತು. ಒಳಗೆ ಹೋಗಿ ಖಾಲಿ ಟ್ರಂಕಿನ ಮುಂದೆ ನಿಂತೆ, ತಳದಲ್ಲಿ ಬೇವಿನ ಸೊಪ್ಪು ಒಣಗಿ ಬಿದ್ದಿತ್ತು. ಈ ವರ್ಷ ಬೇಡ ಎಂದು ಹೇಳಲು ಒಂದು ಕಾರಣ ಹುಡುಕಿದೆ. ಸಿಗಲಿಲ್ಲ. ದೇವರ ಕೆಲಸಕ್ಕೆ ಅನುಮಾನ ಪಟ್ಟೆನಲ್ಲ ಎಂದು ನಾಚಿಕೆಯೂ ಆಯಿತು.

ಆಫೀಸಿನ ಮೇಜಿನ ಮೇಲೆ ಹದಿನೆಂಟು ಪುಸ್ತಕ ಎರಡು ಸಾಲಾಗಿ ಜೋಡಿಸಿ, ಕೆಂಪು ವಸ್ತ್ರ ಹೊದಿಸಿ, ಎರಡೂ ಕಡೆ ದೀಪ ಹಚ್ಚಿದರು. ಮಂಗಳಾರತಿ ಮುಗಿದು ಕುಂಬಳಕಾಯಿ ಒಡೆಯುವ ಹೊತ್ತಿಗೆ ವೈದ್ಯನಾಥಪುರದಾಕೆ ಬಂದಳು. ಕಂಕುಳಲ್ಲಿ ತನ್ನ ಗದ್ದೆಯ ಬದುವಿನಲ್ಲಿ ಬೆಳೆದ ಬೂದುಗುಂಬಳ, ಪೂಜೆಗೆ ಆಗಲಿ ಅಂತ. ಅದನ್ನೇ ಗೇಟಿನ ಮುಂದೆ ಒಡೆದರು. ಕುಂಕುಮ ತುಂಬಿದ ಹೋಳುಗಳು ಎರಡು ಕಡೆಗೆ ಉರುಳಿದವು. ಆಮೇಲೆ ಆಕೆ ನನ್ನನ್ನು ಪಕ್ಕಕ್ಕೆ ಕರೆದಳು. ರಜ ಮುಗಿದ ಮಾರನೇ ದಿನವೇ ಮಂಡಳಿಯಲ್ಲಿ ಅವಳ ಸರದಿ.

"ನನ್ನೆಸ್ರು ಇರೋ ಪುಟ ಒಂಚೂರು ಬರ್ಕೊಟ್ಬುಡಿ ರೈಟ್ರೇ. ಇವತ್ತೇ ಕೊಟ್ರೆ ಮನೇಲಿ ಮಡಗ್ಕತೀನಿ."

ಪುಸ್ತಕ ನನ್ನ ಕೈಗೆ ಮೂರು ಮೊಳ ದೂರದಲ್ಲಿತ್ತು. ವಸ್ತ್ರ ಸರಿಸಿ, ಒಂಬತ್ತು ಸಾಲು ಎತ್ತಿ ಬರೆದು, ಮಿಲ್ಲಿನ ಮೊಹರು ಒತ್ತಲು ಅರ್ಧ ಗಂಟೆ ಸಾಕಾಗಿತ್ತು.

"ಪೂಜೆಗಿಟ್ಟ ಪುಸ್ತಕ ದಶಮಿಯವರೆಗೆ ಬಿಚ್ಚೋ ಹಾಗಿಲ್ಲ ಕಣಮ್ಮ. ನಾಳೆ ಬಾ, ಪೂಜೆ ಎತ್ತಿದ ತಕ್ಷಣ ಮೊದಲು ನಿನ್ನದೇ ಬರೆದುಕೊಡ್ತೀನಿ" ಅಂದೆ.

ಅವಳಿಗೂ ಅದು ಸರಿಯೆನಿಸಿತು. ಪೂಜೆಯ ಪುಸ್ತಕ ಮುಟ್ಟಿಸಿದ ಪಾಪ ಯಾಕೆ ಬೇಕು ಎಂದುಕೊಂಡೇ ಹೋಗಿರಬೇಕು. ನನ್ನನ್ನು ಹೆಚ್ಚು ಸುಡುವುದು ಇದೇ, ಅವಳು ಒಂದು ಮಾತೂ ಎದುರಾಡಲಿಲ್ಲ.

ಆಳುಕಾಳು ಎಲ್ಲರೂ ಮಾಲೀಕರ ಮನೆಗೆ ಊಟಕ್ಕೆ ಹೋದೆವು. ಎರಡನೇ ಸಲ ಪಾಯಸ ಬಡಿಸುವಾಗ ಯಾರೋ ಮಿಲ್ಲಿನ ಕಡೆ ಹೊಗೆ ಕಾಣುತ್ತಿದೆ ಎಂದರು. ಓಡಿದೆವು. ಬಾವಿಯಿಂದ ನೀರು ಸೇದಿ ಸೇದಿ ಎರಚಿ ಮೆಷಿನ್ನುಗಳನ್ನೂ ಗೋಡೌನನ್ನೂ ಉಳಿಸಿಕೊಂಡೆವು. ಆಫೀಸು ಕೋಣೆ ಉಳಿಯಲಿಲ್ಲ. ಇಲಿ ದೀಪದ ಬತ್ತಿ ಎಳೆದಿರಬೇಕು ಎಂದರು, ಅಕ್ಕಿ ಮಿಲ್ಲಿನಲ್ಲಿ ಇಲಿಗೆ ಬರವಿಲ್ಲ. ಮೇಜು ಇದ್ದ ಜಾಗದಲ್ಲಿ ಪುಸ್ತಕಗಳು ಕಪ್ಪಾಗಿ, ಇಟ್ಟ ಹಾಗೆಯೇ ಎರಡು ಸಾಲಾಗಿ ಕೂತಿದ್ದವು. ಮೇಲಿನದನ್ನು ಎತ್ತಲು ಹೋದೆ, ಕೈಯಲ್ಲಿ ಉದುರಿತು. ಮಿಲ್ಲು ಉಳಿಯಿತಲ್ಲ, ಅದು ಅಮ್ಮನವರ ದಯೆ ಎಂದು ಮಾಲೀಕರು ಕೈ ಮುಗಿದರು. ನಾನು ಕೈ ಮುಗಿಯಲಿಲ್ಲ.

ಮಾರನೇ ದಿನ ನಾನು ಹೇಳಿದ ಹೊತ್ತಿಗೆ ಅವಳು ಬಂದಳು. ನಾನು ಏನನ್ನೂ ಹೇಳಬೇಕಾಗಲಿಲ್ಲ, ಕೋಣೆಗೆ ಸೂರೇ ಉಳಿದಿರಲಿಲ್ಲ. ಅಟ್ಟದ ಮೇಲಿನ ಪುಸ್ತಕ ಐತಲ್ಲ ಎಂದು ಕೇಳಿದಳು. ಆ ಪುಸ್ತಕದ ವಿಷಯ ಊರಿಗೆಲ್ಲ ಗೊತ್ತಿತ್ತು, ಮಾಲೀಕರ ಹಾಸ್ಯದಿಂದ. ಅದೂ ಇಲ್ಲೇ ಇತ್ತು ಎಂದೆ.

"ಅಂಗಾದ್ರೆ ನೀವೇ ಬಂದು ಯೋಳಿ. ಬರ್ದಿದ್ದು ನೀವೇ ಅಲ್ವಾ."

ಹೋದೆ. ಒಂಬತ್ತು ವರ್ಷದಲ್ಲಿ ಆರು ವರ್ಷದ ಮೂಟೆ ಲೆಕ್ಕ ನನಗೆ ಬಾಯಿಪಾಠವಾಗಿ ನೆನಪಿತ್ತು, ಎರಡೆರಡು ಸಲ ಬರೆದವನಲ್ಲವೇ. ಮಂಡಳಿಯವರು ತಾಳ್ಮೆಯಿಂದ ಕೇಳಿದರು. ಜಮೀನಿನವರು ನನ್ನನ್ನು ಸುಳ್ಳುಗಾರ ಅನ್ನಲಿಲ್ಲ, ರೈಟರು ಸಾವಿರ ಹೆಸರು ಬರೆಯುವವರು, ಪಾಪ ಮರೆವು ಸಹಜ ಎಂದರು. ಅಧ್ಯಕ್ಷರು ಕಾಗದ ಏನಾದರೂ ಇದೆಯೇ ಎಂದರು. ಸುಟ್ಟುಹೋಯಿತು ಎಂದೆ. ನಕಲು? ಇಟ್ಟಿದ್ದೆ ಎಂದೆ. ಎಲ್ಲಿ ಇಟ್ಟಿದ್ದಿರಿ ಎಂದರು. ಪೂಜೆಗೆ ಒಟ್ಟಿಗೆ ತಂದಿದ್ದೆ ಎಂದು ಹೇಳುವಾಗ ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅವಳ ಅರ್ಜಿ ವಜಾ ಆಯಿತು.

ಸುಗ್ಗಿ ಬಂತು. ಅದೇ ಗದ್ದೆಯ ಭತ್ತ ಗಾಡಿಯಲ್ಲಿ ಬಂತು, ಜೊತೆಗೆ ಅವಳೂ ಬಂದಳು, ಮೂಟೆ ಇಳಿಸುವ ಕೂಲಿಯವರೊಂದಿಗೆ. ಹೊಸ ರಿಜಿಸ್ಟರಿನಲ್ಲಿ ಉತ್ತವರ ಕಾಲಮ್ಮಿಗೆ ಬಂದು ನನ್ನ ಕೈ ನಿಂತಿತು. ಜಮೀನಿನವರ ಕಡೆಯವನು ತಮ್ಮ ಯಜಮಾನರ ಹೆಸರು ಹೇಳಿದ. ಅವಳು ತಲೆಯ ಮೇಲಿನ ಮೂಟೆಯನ್ನು ತೂಕದ ಯಂತ್ರದ ಪಕ್ಕ ಇಳಿಸಿ, ಸೆರಗಿನಲ್ಲಿ ಮುಖ ಒರೆಸಿಕೊಂಡು ನನ್ನ ಕಡೆ ನೋಡಿದಳು.

"ಇದ್ನೂ ಎರಡು ಪುಸ್ತಕ್ದಲ್ಲಿ ಬರ್ದು ಮಡಗ್ತೀರಾ ರೈಟ್ರೇ?"

ಅವಳ ದನಿಯಲ್ಲಿ ಕೊಂಕು ಇರಲಿಲ್ಲ, ತಿಳಿದುಕೊಳ್ಳಲು ಕೇಳಿದ ಹಾಗಿತ್ತು. ನಾನು ತಲೆ ಎತ್ತದೆ ಆ ಯಜಮಾನರ ಹೆಸರನ್ನೇ ಬರೆದೆ. ಶನಿವಾರ ಮನೆಯಲ್ಲಿ ಚೀಟಿಗಳನ್ನು ಮುಂದಿಟ್ಟುಕೊಂಡು ಕೂತಾಗ ನಕಲಿನಲ್ಲೂ ಅದನ್ನೇ ಬರೆದೆ. ಆ ಪುಸ್ತಕವನ್ನು ಮತ್ತೆ ಯಾವ ಪೂಜೆಗೂ ಒಯ್ಯಲಿಲ್ಲ. ಅದಕ್ಕೆ ಗೆದ್ದಲು ಹತ್ತಲಿಲ್ಲ, ಬೆಂಕಿ ತಾಗಲಿಲ್ಲ, ಇಂದಿಗೂ ಒಂದು ಅಕ್ಷರ ಮಾಸದೆ ನಮ್ಮ ಟ್ರಂಕಿನಲ್ಲಿದೆ.